ಅವ್ವ ಕಡಲಿಗೆ ಕಡ್ಲಿ ಹಾಕಿದ್ದು

ವಿಜಾಪುರದ ಸಾಲೆಯಲ್ಲಿ ಕಾರವಾರ ಬಂದರಿನ ಪಾಠವನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದ ನಾನು ಸಮುದ್ರವನ್ನೇ ಕಂಡಿರಲಿಲ್ಲ. ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದರೆ ನನ್ನ ಅರಬ್ಬೀ ಸಮುದ್ರ ಮುಗಿಯುತ್ತಿತ್ತು. ಎಪ್ಪತ್ತರ ದಶಕದ ಒಂದು ಚಳಿಗಾಲ ಆಸೆ ತಡೆಯಲಾಗಲಿಲ್ಲ. ಆದರೆ ಅವ್ವನನ್ನು ಒಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ. ಅವಳು ಒಪ್ಪದಿದ್ದರೆ ನನ್ನ ಕಡಲು ಕರಿಹಲಗೆಯಲ್ಲೇ ಒಣಗಬೇಕು.

"ಕಾರವಾರಕ್ಕ ಹೋಗಿ ಕಡಲು ನೋಡೂಣವ್ವಾ" ಎಂದೆ, 'ಕಡಲು' ಎಂಬ ಪುಸ್ತಕದ ಮಾತು ಸೇರಿಸಿ.

"ಕಡ್ಲಿ ನೋಡಾಕ ಅಷ್ಟ ದೂರ ಯಾಕೋ ಯಪ್ಪಾ? ನಮ್ಮೂರ ಹೊನವಾಡದ ಹೊಲದ ತುಂಬ ನಿಂತೈತಿ!"

ಹೊಲದ ಕಡ್ಲಿ, ಅಂದರೆ ಕಡಲೆಯಲ್ಲ, ಸಮುದ್ರ ಎಂದು ತಿದ್ದಿದೆ. "ನೀರ ನೋಡಾಕ ಬಸ್ ಹತ್ತಬೇಕೇನು? ಬಾವ್ಯಾಗ ಹಣಿಕಿ ಹಾಕು" ಎಂದಳು.

ಕೊನೆಗೆ ಇತಿಹಾಸವೇ ಕೈ ಹಿಡಿಯಿತು. ಮೆಣಸಿನ ವಾಸನೆ ಹಿಡಿದು ಇಂಗ್ಲಿಷರು ಅಲ್ಲಿಗೆ ಬಂದಾಗ ಆ ಸೀಮೆ ನಮ್ಮ ವಿಜಾಪುರದ ಸುಲ್ತಾನರ ಕೈಯಲ್ಲಿತ್ತೆಂದು ಹೇಳಿದೆ.

"ನಮ್ಮದ? ಹಂಗಾರ ಒಮ್ಮಿ ನೋಡಕೊಂಡ ಬರಬೇಕಲ್ಲ" ಎಂದು ಅವ್ವ ಎದ್ದೇ ಬಿಟ್ಟಳು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಮರಳಿನ ಮೇಲೆ ನಿಂತೆವು. ಅವ್ವ ಹಣೆಗೆ ಕೈ ಅಡ್ಡ ಹಿಡಿದು ನೀರಿನ ಆಚೆಯ ದಂಡೆ ಹುಡುಕಿದಳು. ಇಷ್ಟು ವರ್ಷದ ನನ್ನ ಪಾಠವೆಲ್ಲ ಅವಳ ಮುಖದ ಮೇಲೆ ಪರೀಕ್ಷೆಗೆ ಕೂತಂತಾಯಿತು. ಅಷ್ಟರಲ್ಲಿ ತೆರೆಯೊಂದು ಬಂದು ಪಾದ ತೊಳೆಯಿತು. ಅವ್ವ ಸೀರೆ ಎತ್ತಿ ಹಿಡಿದು ಹುಡುಗಿಯಂತೆ ನಕ್ಕಳು. ನಾನು ಗೆದ್ದೆ!

ದೋಣಿಯವ ನಮ್ಮನ್ನು ಕಾಳಿ ನದಿ ಸಮುದ್ರ ಸೇರುವಲ್ಲಿಗೆ ಕರೆದೊಯ್ದ. ನೀರಿನಲ್ಲೇ ಬೇರು ಬಿಟ್ಟ ಗಿಡಗಳು, ಅವುಗಳ ಮೇಲೆ ಬೆಳ್ಳಕ್ಕಿ. ನಾನು ಗಂಟಲು ಸರಿಮಾಡಿಕೊಂಡು ಇಂಗ್ಲಿಷರ ವ್ಯಾಪಾರದ ಕೋಠಿಯ ಕಥೆ ಶುರು ಮಾಡಿದ್ದೆನಷ್ಟೆ, ದೂರದಲ್ಲಿ ಡಾಲ್ಫಿನ್ ಒಂದು ನೆಗೆಯಿತು.

"ನೀ ಸುಮ್ಮನಿರು" ಎಂದು ನನ್ನ ಬಾಯಿ ಮುಚ್ಚಿಸಿ, "ಲೇ, ಮತ್ತೊಮ್ಮಿ ಹಾರಲೇ!" ಎಂದು ಅವ್ವ ಅದಕ್ಕೆ ಕೂಗಿದಳು. ಅದು ಹಾರಿತು. ನನ್ನ ವಿದ್ಯಾರ್ಥಿಗಳು ಯಾರೂ ನನ್ನ ಮಾತನ್ನು ಅಷ್ಟು ಬೇಗ ಕೇಳಿದ್ದಿಲ್ಲ.

ಹೊರಡುವ ಮುಂಚೆ ಅವ್ವ ಸೆರಗಿನ ಗಂಟು ಬಿಚ್ಚಿ, ಊರಿಂದ ತಂದಿದ್ದ ಕಡ್ಲಿಕಾಳನ್ನು, ಹೊಳೆಗೆ ಉಡಿ ತುಂಬುವಂತೆ, ತೆರೆಗೆ ಹಾಕಿ ಕೈಮುಗಿದಳು.

ಮುಂದಿನ ವಾರ ಬಬಲೇಶ್ವರದ ಸಂತೆಯಲ್ಲಿ ಚಿಕ್ಕವ್ವ ಸಿಕ್ಕು, "ಅಷ್ಟ ದೂರ ಹೋಗಿ ಏನ ತಂದಿ ಬೇ ಅಕ್ಕಾ?" ಎಂದಳು.

"ತರೂದೇನು? ನಮ್ಮ ಬಂದರದಾಗ ಕಡ್ಲಿ ಬಿತ್ತಿ ಬಂದೇನಿ!"

ಈಗ ಮೊಮ್ಮಕ್ಕಳಿಗೆ ಆ ಪಾಠ ಹೇಳುವಾಗಲೂ ಕಾರವಾರವನ್ನು ಆಳಿದವರ ಹೆಸರು ಸಾಲಾಗಿ ಹೇಳುತ್ತೇನೆ. ಕೊನೆಗೆ ಅಲ್ಲಿ ಕಡ್ಲಿ ಬಿತ್ತಿ ಬಂದವಳ ಹೆಸರು ಬಂದಾಗ ಮಾತ್ರ, ಅದು ಪಠ್ಯದಲ್ಲಿ ಇಲ್ಲವಾದ್ದರಿಂದ, ಮನಸ್ಸಿನಲ್ಲೇ ಹೇಳಿಕೊಂಡು ನಗುತ್ತೇನೆ.