ರುಕ್ಮಿಣಮ್ಮ ಮೇಡಂ ಅವರ ತಿಮಿಂಗಿಲ ಪಾಠ
ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ೧೯೭೦ರ ಆಸುಪಾಸಿನಲ್ಲಿ ಓದಿದವರಿಗೆಲ್ಲ ಹಿಂಡಾಗಿ ಬೇಟೆಯಾಡುವ ಕೊಲೆಗಾರ ತಿಮಿಂಗಿಲ ಗೊತ್ತು. ಸಮುದ್ರವನ್ನೇ ನೋಡಿರದ ರುಕ್ಮಿಣಮ್ಮ ಮೇಡಂ ಅದನ್ನು ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ತರಗತಿಗೆ ತಂದಿದ್ದರು. ಭೂಗೋಳದ ಪಾಠ ರಾಗಿಯದಾಗಲಿ, ರೈಲಿನದಾಗಲಿ, ಕಾಲು ಗಂಟೆಯೊಳಗೆ ಅವರು ದಕ್ಷಿಣ ಧ್ರುವದ ಕಡಲು ಸೇರಿಬಿಡುತ್ತಿದ್ದರು. ಮೇಜೇ ಮಂಜುಗಡ್ಡೆ, ಅದರ ಮೇಲಿನ ಡಸ್ಟರು ಸೀಲ್ ಪ್ರಾಣಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ವರು ಹುಡುಗಿಯರನ್ನು ತಿಮಿಂಗಿಲಗಳಂತೆ ಸಾಲಾಗಿ ನಿಲ್ಲಿಸಿ, "ಒಟ್ಟಿಗೆ ನುಗ್ಬೇಕು ಕಣ್ರೇ, ಒಬ್ಬಳೇ ಮುಂದೆ ಹೋದ್ರೆ ಅಲೆ ಏಳಲ್ಲ, ಸೀಲು ನೀರಿಗೆ ಬೀಳಲ್ಲ" ಎಂದು ತಾವೂ ನುಗ್ಗುತ್ತಿದ್ದರು. ಆ ಗದ್ದಲದಲ್ಲಿ ಪಕ್ಕದ ಬೀದಿಯ ಮಗ್ಗಗಳ ಸದ್ದೂ ಅಡಗಿಹೋಗುತ್ತಿತ್ತು. ಬಿದ್ದ ಡಸ್ಟರನ್ನು ಮತ್ತೆ ಮೇಜಿನ ಮೇಲಿಟ್ಟು, "ತಾಯಿ ತಿಮಿಂಗಿಲ ಹಿಡಿದ ಸೀಲನ್ನ ತಿನ್ನದೆ ಬಿಟ್ಬಿಡುತ್ತೆ, ಮರಿ ಮತ್ತೆ ಮತ್ತೆ ನುಗ್ಗಿ ಕಲೀಲಿ ಅಂತ" ಎನ್ನುತ್ತಿದ್ದರು. ಒಂದು ದಿನ, ಏಳನೆಯ ತರಗತಿಯಲ್ಲಿ ಎರಡು ಸಲ ನಪಾಸಾದ ಅಂಜನಮ್ಮನನ್ನು ಶಾಲೆ ಬಿಡಿಸಲು ಅವಳ ಅಪ್ಪ, ನೇಕಾರ ಕೋದಂಡರಾಮಯ್ಯ ಬಂದ. "ಇವಳ ತಲೆಗೆ ಹತ್ತಲ್ಲ ಮೇಡಂ, ಮಗ್ಗಕ್ಕೆ ಕೂರಿಸ್ತೀನಿ" ಎನ್ನುತ್ತ ಮಗಳ ಚೀಲ ಎತ್ತಿಕೊಂಡ. ಮೇಡಂ ಯಾರಿಗೂ ಹೇಳಿರದ ಮಾತನ್ನು ಅಂದು ಇಡೀ ತರಗತಿಯ ಮುಂದೆ ಹೇಳಿದರು: "ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಐದನೇ ಸಲ ಕಣಪ್ಪ. ಫೇಲಾದಾಗೆಲ್ಲ, ಅಕ್ಷರ ಬಾರದ ನಮ್ಮಮ್ಮ ನನ್ನನ್ನ ಮಗ್ಗದಿಂದ ಎಬ್ಬಿಸಿ ಮತ್ತೆ ಪರೀಕ್ಷೆಗೆ ಕಳಿಸಿದ್ಲು." ಹೇಳುವಾಗ ಅವರ ಮುಖ ಕೆಂಪಗಾಗಿತ್ತು. ಕೋದಂಡರಾಮಯ್ಯ ಚೀಲವನ್ನು ಮಗಳ ತೊಡೆಯ ಮೇಲಿಟ್ಟು ಹೊರಟುಹೋದ.