ಆಕ್ಟೋಪಸ್ಸಿನ ಮೂರು ಹೃದಯ, ಅಪ್ಪನ ಒಂದು ಎಲೆ

ಆಕ್ಟೋಪಸ್ಸಿಗೆ ಮೂರು ಹೃದಯಗಳಿವೆ ಎಂಬುದು ನನಗೆ ಗೊತ್ತು. ಇದರಿಂದ ಈವರೆಗೆ ನನಗಾಗಲಿ, ನಿಮಗಾಗಲಿ, ಆ ಆಕ್ಟೋಪಸ್ಸಿಗಾಗಲಿ ಎಳ್ಳಷ್ಟೂ ಪ್ರಯೋಜನವಾಗಿಲ್ಲ. ಆದರೂ ಗೊತ್ತು. ಶುಕ್ರಗ್ರಹದ ಒಂದು ದಿನ ಅದರ ಒಂದು ವರ್ಷಕ್ಕಿಂತ ಉದ್ದ ಎಂಬುದೂ ಗೊತ್ತು. ಸಸ್ಯಶಾಸ್ತ್ರದ ಪ್ರಕಾರ ಬಾಳೆಹಣ್ಣು ಬೆರ್ರಿಯ ಜಾತಿಗೆ ಸೇರುತ್ತದೆ. ಹೆಸರಿನಲ್ಲೇ ಬೆರ್ರಿಯನ್ನು ಹೊತ್ತು ಮೆರೆಯುವ ಸ್ಟ್ರಾಬೆರ್ರಿ ಸೇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ವಾಂಬ್ಯಾಟ್ ಎಂಬ ಪ್ರಾಣಿಯೊಂದು ಮೈಸೂರ್ ಪಾಕಿನ ತುಂಡಿನಂತೆ ಚೌಕ ಚೌಕವಾದ ಹಿಕ್ಕೆ ಹಾಕುತ್ತದೆ. ಈ ಕೊನೆಯದನ್ನು ನಾನು ಊಟದ ಹೊತ್ತಿಗೇ ಏಕೆ ಹೇಳುತ್ತೇನೆಂದು ಸಹೋದ್ಯೋಗಿಗಳು ಕೇಳುವುದುಂಟು. ಆಗ ಅವರ ಕೈ ಎಂಜಲಾಗಿರುತ್ತದೆ, ಎದ್ದು ಓಡಲಾರರು, ಅಷ್ಟೇ.

ಇಷ್ಟೆಲ್ಲ ವಿದ್ಯೆ ಎಲ್ಲಿ ಸಂಪಾದಿಸಿದೆ ಎನ್ನುತ್ತೀರಾ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ನಾನು ಬಾಗಲಕೋಟೆಯವನು, ವಾಸ ಸುದ್ದಗುಂಟೆಪಾಳ್ಯದಲ್ಲಿ, ಕೆಲಸ ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ. ನಡುವೆ ಈ ಸಿಗ್ನಲ್ಲು. ಬಸ್ಸು ಅಲ್ಲಿ ನಿಂತಿತೆಂದರೆ ಒಂದು ಪದವಿ ಮುಗಿಸಿ ಇಳಿಯಬಹುದು. ಜೊತೆಯವರು ನಿದ್ದೆ ಮಾಡುತ್ತಾರೆ, ನಾನು ಮೊಬೈಲು ತೆರೆದು ‘ನಿಮಗಿದು ಗೊತ್ತೇ?’ ಎಂಬ ವಿಡಿಯೋಗಳನ್ನು ನೋಡುತ್ತೇನೆ. ಗೊತ್ತಿಲ್ಲದವರಿಗೆಲ್ಲ ಗೊತ್ತುಮಾಡಿಸುವ ಹೊಣೆ ಅಲ್ಲಿಂದಾಚೆ ನನ್ನ ಹೆಗಲೇರುತ್ತದೆ. ಇದಕ್ಕೆ ಸರಿಯಾಗಿ ನನ್ನ ಹುದ್ದೆಯೂ ಕ್ವಾಲಿಟಿ ಚೆಕಿಂಗಿನದು. ದಿನವಿಡೀ ಅಂಗಿಗಳನ್ನು ತಿರುವಿ ಹಾಕಿ ಹೊಲಿಗೆಯ ತಪ್ಪಿಗೆ ಕೆಂಪು ಸ್ಟಿಕ್ಕರ್ ಅಂಟಿಸುವುದು. ಸಂಜೆ ಮನೆಗೆ ಬಂದ ಮೇಲೂ ಬೆರಳು ಸುಮ್ಮನಿರಬೇಕಲ್ಲ. ಸ್ಟಿಕ್ಕರ್ ಅಂಟಿಸಲು ಮನುಷ್ಯರನ್ನು ಹುಡುಕುತ್ತದೆ.

ಮನುಷ್ಯರು ಸಿಗುತ್ತಿದ್ದದ್ದು ಕೆಳಗಿನ ಮನೆಯಲ್ಲಿ. ನಾನು ತಾರಸಿಯ ಮೇಲಿನ ಒಂಟಿ ಕೋಣೆಯ ಬಾಡಿಗೆದಾರ. ಕೆಳಗೆ ಮಾಲೀಕ ಕೃಷ್ಣಪ್ಪನವರು, ಅವರ ತಾಯಿ ಮುನಿಯಮ್ಮಜ್ಜಿ. ಈ ಬಡಾವಣೆ ಇನ್ನೂ ಹೊಲವಾಗಿದ್ದ ಕಾಲದಲ್ಲಿ ಅಜ್ಜಿ ಇಲ್ಲೇ ರಾಗಿ ಕುಯ್ದವರು. ಈಗ ಅದೇ ಜಾಗದಲ್ಲಿ ನಿಂತು ನೀರಿನ ಮೋಟರ್ ಆಫ್ ಮಾಡಲು ಮರೆತವರನ್ನು ಬೈಯುತ್ತಾರೆ.

ಹೋದ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಈ ಮನೆಯ ಪದ್ಧತಿ ನಿಮಗೆ ಗೊತ್ತಿರಬೇಕು. ತೀರಿಕೊಂಡವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಎಲೆಯ ಮೇಲೆ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಆಚೆ ಕಾಯುತ್ತಾರೆ, ಹಿರಿಯರು ಸಂಕೋಚವಿಲ್ಲದೆ ಉಣ್ಣಲೆಂದು. ಅಜ್ಜಿಯ ಯಜಮಾನರಿಗೆ ಮುದ್ದೆ, ಮಟನ್ ಸಾರು, ಆಲೂಗಡ್ಡೆ ಪಲ್ಯ, ಹುರಿದ ಕಡಲೆಕಾಯಿ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ ಇಟ್ಟಿದ್ದರು. ಬಾಗಿಲು ಮುಚ್ಚಿತು. ಎಲ್ಲರೂ ಮೌನವಾಗಿ ನಿಂತರು. ಮೌನವೆಂದರೆ ನನಗೆ ಖಾಲಿ ಬಿದ್ದ ಸೈಟು ಕಂಡಂತೆ, ತಕ್ಷಣ ಏನಾದರೂ ಕಟ್ಟಿಬಿಡಬೇಕು.

“ನಿಮಗಿದು ಗೊತ್ತಾ ಸಾರ್? ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ” ಎಂದು ಶುರು ಮಾಡಿದೆ. ಪೋರ್ಚುಗೀಸರು ಹಡಗಿನಲ್ಲಿ ತಂದದ್ದು ಅಂದೆ. ಅದಕ್ಕೂ ಮುಂಚೆ ನಮ್ಮವರ ಖಾರವೆಲ್ಲ ಕಾಳುಮೆಣಸಿನದೇ ಅಂದೆ. ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸೀಬೆ, ಪರಂಗಿ, ಗೋಡಂಬಿ, ಒಂದನ್ನೂ ಬಿಡದೆ ಎಲ್ಲವನ್ನೂ ಅಮೆರಿಕ ಖಂಡಕ್ಕೆ ವಾಪಸು ಕಳಿಸಿದೆ. ಇವತ್ತಿಗೂ ಕೆಲವು ಮನೆಗಳಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ, ಟೊಮೇಟೊ ಸೇರಿಸುವುದಿಲ್ಲ, ಶಾಲೆಯ ಮುಖ ನೋಡದ ಅಡುಗೆಯವನಿಗೂ ಯಾವ ತರಕಾರಿ ಹಡಗಿನಿಂದ ಇಳಿದದ್ದೆಂದು ಪರಂಪರೆಯಿಂದ ಗೊತ್ತು ಎಂದು ವಿವರಿಸಿದೆ. ಇದು ನಿಜಕ್ಕೂ ಸೊಗಸಾದ ಸಂಗತಿ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. “ನಿಮ್ಮ ಹಳೇ ಹಿರಿಯರು ಬಂದು ಈ ಎಲೆ ನೋಡಿದ್ರೆ ಅರ್ಧ ಐಟಂ ಗುರುತೇ ಹಿಡಿಯಲ್ಲ” ಎಂದು ಸೇರಿಸಿ, ಸ್ಟಿಕ್ಕರ್ ಅಂಟಿಸಿಯೇಬಿಟ್ಟೆ.

ಕೃಷ್ಣಪ್ಪನವರು ನನ್ನನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. “ಸ್ವಲ್ಪ ಮೆಲ್ಲಗೆ ಸಾರ್. ಒಳಗಡೆ ಊಟ ಮಾಡ್ತಾವ್ರೆ” ಎಂದರು.

ಅಜ್ಜಿ ಮಾತ್ರ ಸಾವಧಾನವಾಗಿಯೇ ಉತ್ತರ ಕೊಟ್ಟರು. “ಅವರ ಮುತ್ತಾತನ್ನ ನಾನ್ ಕಂಡಿಲ್ಲ ಕಣಪ್ಪ. ನಾನು ಇಕ್ಕಿರೋದು ನಮ್ಮ ಯಜಮಾನ್ರಿಗೆ. ಅವರ್ಗೆ ಆಲೂಗಡ್ಡೆ ಅಂದ್ರೆ ಪ್ರಾಣ. ಅದು ಹಡಗಲ್ಲಿ ಬಂದಿದ್ರೇನು, ಎತ್ತಿನ ಗಾಡೀಲಿ ಬಂದಿದ್ರೇನು?”

ಪಾಪ, ವಿಷಯದ ಆಳ ಅವರಿಗೆ ತಿಳಿಯಲಿಲ್ಲ ಎಂದುಕೊಂಡು ನಾನು ಮೂರು ಮುದ್ದೆ ಉಂಡು ಎದ್ದೆ.

ಈ ವರ್ಷದ ಆರಂಭದಲ್ಲಿ ನಮ್ಮಪ್ಪ ತೀರಿಕೊಂಡರು. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಮಾತು ಕಡಿಮೆ. ಮನೆಯ ಪಾಲಿನ ಮಾತನ್ನೆಲ್ಲ ನಾನೇ ಆಡಿ ಮುಗಿಸುತ್ತಿದ್ದುದರಿಂದ ಅವರಿಗೆ ಉಳಿಯುತ್ತಲೂ ಇರಲಿಲ್ಲವೇನೋ.

ಮತ್ತೆ ಪಿತೃಪಕ್ಷ ಬಂತು. ಅಮಾವಾಸ್ಯೆಗೆ ನಾಲ್ಕು ದಿನವಿದ್ದಾಗ ಅಜ್ಜಿ ಮೆಣಸಿನಕಾಯಿ ಒಣಹಾಕಲು ತಾರಸಿಗೆ ಬಂದರು. ಊರಿಗೆ ಹೋಗಲು ರಜೆ ಸಿಕ್ಕಿಲ್ಲ, ಅಲ್ಲಿ ಅವ್ವ ಮತ್ತು ತಂಗಿ ಎಡೆ ಇಡುತ್ತಾರೆ ಎಂದೆ.

“ಮಗ ಇಲ್ಲಿರೋವಾಗ ಇಲ್ಲೂ ಒಂದು ಎಲೆ ಇಕ್ಕಾನ ಬುಡು. ನಿಮ್ಮಪ್ಪಂಗೆ ಏನಿಷ್ಟ ಹೇಳು, ಮಾಡಾಕ್ತೀನಿ” ಎಂದರು.

ನಾನು ಬಾಯಿ ತೆರೆದೆ. ಶುಕ್ರಗ್ರಹ ನೆನಪಾಯಿತು. ಮೂರು ಹೃದಯ, ಚೌಕದ ಹಿಕ್ಕೆ ಎಲ್ಲ ಸಾಲಾಗಿ ಬಂದು ನಿಂತವು. ಅಪ್ಪನಿಗೇನಿಷ್ಟ ಎಂಬುದು ಬರಲಿಲ್ಲ. ಅಜ್ಜಿ ಕಾದರು. ಮೆಣಸಿನಕಾಯಿಯನ್ನೆಲ್ಲ ಹರವಿ ಮುಗಿಸಿದರು. “ಗ್ಯಾಪ್ನ ಮಾಡ್ಕೊಂಡು ಹೇಳಪ್ಪ” ಎಂದು ಇಳಿದು ಹೋದರು. ಇಡೀ ವರ್ಷ ಅಂಗಿಗಳ ಮೇಲೆ ಅಂಟಿಸಿದ ಸ್ಟಿಕ್ಕರುಗಳನ್ನೆಲ್ಲ ಯಾರೋ ಒಟ್ಟು ಮಾಡಿ ನನ್ನ ಹಣೆಗೆ ಬಡಿದಂತಾಯಿತು. ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ.

ಅಂತರ್ಜಾಲದಲ್ಲಿ ಹುಡುಕುವ ಹಾಗಿರಲಿಲ್ಲ. ಅವ್ವನಿಗೆ ಫೋನು ಮಾಡಿದೆ. “ಏನ ಹಾಕಿದ್ರೂ ಸುಮ್ನ ಉಣತಿದ್ರಪಾ. ಉಪ್ಪು ಹೆಚ್ಚಾತು ಅಂತ ಸೈತ ಎಂದೂ ಅನ್ನಲಿಲ್ಲ” ಎಂದಳು. ನಲವತ್ತು ವರ್ಷ ಬಡಿಸಿದವಳ ಬಳಿಯೂ ಮಾಹಿತಿ ಇಷ್ಟೇ. ತಂಗಿ ಬಲು ಆತ್ಮವಿಶ್ವಾಸದಿಂದ “ಎಣಗಾಯಿ!” ಎಂದಳು. ಮರುಕ್ಷಣವೇ, “ಅಲ್ಲೋ ಅಣ್ಣಾ, ಅದು ನಿನಗ. ನಿನಗಂತ ಮಾಡ್ತಿದ್ದಿಲ್ಲ?” ಎಂದಳು. ಹೋಳಿಗೆ ತಂಗಿಗೆ. ಝುಣಕ ಅವ್ವನಿಗೆ. ನಮ್ಮ ಮನೆಯ ಪ್ರತಿ ಅಡುಗೆಗೂ ಒಬ್ಬ ವಾರಸುದಾರ ಸಿಕ್ಕಿದ, ಅಪ್ಪನ ಪಾಲಿಗೆ ಒಂದೂ ಉಳಿಯಲಿಲ್ಲ.

ಕೊನೆಗೆ ಡಿಪೋದಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ ಹನುಮಂತಪ್ಪ ಕಾಕಾನ ನಂಬರು ಹುಡುಕಿದೆ. ಅವರು ಜೋರಾಗಿ ನಕ್ಕರು. “ನಿಮ್ಮಪ್ಪ ಮಧ್ಯಾಹ್ನ ತನ್ನ ಡಬ್ಬಿ ಬಿಚ್ಚೂಕಿಂತ ಮೊದಲ ನನ್ನ ಡಬ್ಬಿ ನೋಡ್ತಿದ್ದ. ಪುಂಡಿ ಪಲ್ಯ ಇತ್ತಂದ್ರ ಮುಗೀತು, ಅವತ್ತ ನಾ ಉಪಾಸ. ಖರೇನ ಇಷ್ಟ ಇತ್ತೋ, ನನ್ನ ಕಾಡಾಕ ತಿಂತಿದ್ದನೋ, ಖಾತ್ರಿ ಹೇಳಾಕ ಬರೂದಿಲ್ಲ ನೋಡಪಾ.”

ಪುಂಡಿ ಪಲ್ಯ ನಮ್ಮ ಕಡೆ ಮನೆಮನೆಯಲ್ಲೂ ಮಾಡುವ ಹುಳಿಸೊಪ್ಪಿನ ಪಲ್ಯ. ನಮ್ಮ ಮನೆಯಲ್ಲಿ ಮಾತ್ರ ಕಂಡ ನೆನಪಿಲ್ಲ. ಏಕೆಂದು ಮತ್ತೆ ಅವ್ವನನ್ನು ಕೇಳಿದೆ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಹುಳಿ ಎಂದು ತಟ್ಟೆಯನ್ನೇ ತಳ್ಳಿದೆನಂತೆ. “ಹುಡುಗ ಉಣ್ಣೂದಿಲ್ಲಂದ್ರ ಬ್ಯಾಡ ಬಿಡು” ಎಂದು ಅಪ್ಪನೇ ಹೇಳಿದರಂತೆ. ಅಂದಿಗೆ ನಿಂತಿತಂತೆ. ಯಾವ ತರಕಾರಿಯನ್ನು ಯಾವ ಹಡಗು ತಂದಿತೆಂದು ನಾಡಿಗೆಲ್ಲ ಸಾರುತ್ತಿದ್ದ ನಾನು, ನಮ್ಮ ಮನೆಯಿಂದ ಒಂದು ಸೊಪ್ಪನ್ನು ಗಡೀಪಾರು ಮಾಡಿದವನು ನಾನೇ ಎಂಬ ಇತಿಹಾಸವನ್ನು ಓದಿಯೇ ಇರಲಿಲ್ಲ.

ಮಡಿವಾಳದ ಮಾರ್ಕೆಟ್ಟಿನಲ್ಲಿ ‘ಗೋಂಗೂರ’ ಎಂಬ ಹೆಸರಿನಲ್ಲಿ ಅದು ಸಿಕ್ಕಿತು. ಅವ್ವ ಫೋನಿನಲ್ಲಿ ಹೇಳಿದಳು, ಅಜ್ಜಿ ಒಲೆಯ ಮುಂದೆ ಕೇಳಿಸಿಕೊಂಡರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧವೇ ಅರ್ಥವಾದರೂ ಪಲ್ಯ ಪೂರ್ತಿ ಆಯಿತು. ರೊಟ್ಟಿಯನ್ನು ಬಿಟಿಎಂ ಬಡಾವಣೆಯ ಖಾನಾವಳಿಯಿಂದ ತಂದೆ. ಅಪ್ಪ ಮಾಂಸ ಮುಟ್ಟಿದವರಲ್ಲವೆಂದು ತಿಳಿದು ಅಜ್ಜಿ ಅವರ ಎಲೆಯನ್ನು ಕಿಟಕಿಯ ಬಳಿ, ಮಟನ್ನಿನ ವಾಸನೆ ಬಡಿಯದಷ್ಟು ದೂರದಲ್ಲಿ ಹಾಸಿದರು. ಬಾಗಿಲು ಮುಚ್ಚಿತು.

ಕೃಷ್ಣಪ್ಪನವರು ನನ್ನ ಕಡೆ ತಿರುಗಿದರು. “ಏನ್ ಸಾರ್, ಈ ಸಲ ಏನೂ ಇಲ್ವಾ?”

ಪುಂಡಿಯೂ ಹೊರಗಿನಿಂದ ಬಂದ ಗಿಡವೇ, ಹೌದಾದರೆ ಇದನ್ನು ತಂದವರು ಯಾರು ಎಂಬ ವಿಡಿಯೋ ಖಂಡಿತ ಇರುತ್ತದೆ. ನಾನು ನೋಡಿರಲಿಲ್ಲ. ನೋಡಿದ್ದರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ.

“ಅಜ್ಜಿ, ಅವರಿಗೆ ಇದೇ ಇಷ್ಟ ಅಂತ ನಂಗೆ ಖಾತ್ರಿ ಇಲ್ಲ. ತಪ್ಪಾಗಿದ್ರೆ?”

“ತಪ್ಪಾಗಿದ್ರೆ ಅವರೇ ಬಂದು ಹೇಳ್ತಾರೆ ಬುಡಪ್ಪ” ಎಂದರು ಅಜ್ಜಿ.

ನಾನು ಹೇಳಿದ್ದು ತಪ್ಪಾಗಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಆಸೆಪಟ್ಟೆ.