ನಜ್ಮಾಳ ಹೆಸರಿನ ಹಿಡಿಕೆ

ರುದ್ರವ್ವನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮುಂಬೈಯ ಮುಲುಂಡಿನ ಆ ಚಾಳಿನ ಸಾಲುಮನೆಗಳಲ್ಲಿ ಎಲ್ಲರಿಗೂ ಗೊತ್ತು. ನಲ್ಲಿಯ ಸಾಲಿನಲ್ಲಿ ಕೊಡ ಮುಂದೆ ಸರಿಸಿದವರಿಗೆ ಗೊತ್ತು. ಗ್ರಾಂಟ್ ರೋಡಿನ ಬಟ್ಟೆ ಅಂಗಡಿಗೆ ದುಡಿಯಲು ಹೋಗುವ ಗಂಡ ಬಸವಂತಪ್ಪನಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದವಳು ಮನೆಯಲ್ಲೇ ಕೂತು ಮೊದಲು ಹಣೆಗಿಡುವ ಟಿಕಲಿಗಳನ್ನು ಚೀಟಿಗೆ ಅಂಟಿಸಿದಳು, ಆಮೇಲೆ ಬ್ಯಾಗಿಗೆ ಝಿಪ್ ಹೊಲಿದಳು. ದುಡಿದದ್ದು ಇವಳು, ಮಾಲಿನ ಮೇಲೆ ಹೆಸರು ಮಾತ್ರ ಇನ್ಯಾರದೋ. ಕೊನೆಗೆ ಮನೆಗೆ ತ್ರೀಡಿ ಪ್ರಿಂಟರ್ ಬಂತು.

ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಪದರದ ಮೇಲೆ ಪದರ ಕೂಡಿಸಿ ಸಾಮಾನು ಮಾಡುವ ಯಂತ್ರ ಅದು. ಇಂಥ ಮನೆಗಳನ್ನು ಕೂಡಿಸಿದ ಒಂದು ಜಾಲದಿಂದ ಆರ್ಡರ್ ಮೊಬೈಲಿಗೆ ಬರುತ್ತದೆ. ಮುಂಬೈ ತುಂಬ ಹರಡಿದ ಮನೆಗಳಲ್ಲಿ ಒಂದೊಂದು ಭಾಗ ತಯಾರಾಗುತ್ತದೆ. ಯಾವುದನ್ನು ಯಾರು ಮಾಡಿದರು ಎನ್ನುವುದು ಎಲ್ಲರೂ ನೋಡಬಹುದಾದ ಡಿಜಿಟಲ್ ಖಾತೆಗೆ ಏರುತ್ತದೆ. ಏರಿದ್ದನ್ನು ಯಾರೂ ಅಳಿಸಲಾರರು. ತಾನು ಮಾಡಿದ್ದಕ್ಕೆ ತನ್ನದೇ ಹೆಸರು ಬಿದ್ದದ್ದನ್ನು ನೋಡಿ ರುದ್ರವ್ವ ಚಾಳಿಗೆಲ್ಲ ಮೊಬೈಲ್ ತೋರಿಸುತ್ತ ತಿರುಗಿದ್ದಳು.

ಆದರೆ ಚಾಳಿನ ಹೆಂಗಸರ ಪದ್ಧತಿ ಖಾತೆಗಿಂತ ಹಳೆಯದು. ಒಬ್ಬಳು ಬಾಣಂತನಕ್ಕೋ ಮದುವೆಗೋ ಊರಿಗೆ ಹೋದರೆ ಅವಳ ಪಾಲಿನ ಕೆಲಸವನ್ನು ಇನ್ನೊಬ್ಬಳು ಅವಳದೇ ಹೆಸರಿನಲ್ಲಿ ಮುಗಿಸಿಕೊಡುವುದು. ಇಲ್ಲದಿದ್ದರೆ ಆರ್ಡರ್ ತಪ್ಪಿಸಿದವಳೆಂದು ಮುಂದಿನ ಕೆಲಸವೇ ಸಿಗುತ್ತಿರಲಿಲ್ಲ. ಎದುರುಮನೆಯ ನಜ್ಮಾ ತೀರಿಕೊಂಡ ಮಾವನ ಮಣ್ಣಿಗೆಂದು ಬೆಳಗಾವಿಗೆ ಹೊರಟಾಗ ಪಾಸ್‌ವರ್ಡು, ದಾರದ ಉರುಳೆ ಎರಡನ್ನೂ ರುದ್ರವ್ವನಿಗೆ ಒಪ್ಪಿಸಿ ಹೋದಳು. ವಯಸ್ಸಾದವರು ಹಿಡಿದು ನಡೆಯುವ ವಾಕರಿಗೆ ಹಿಡಿಕೆ ಆಗಬೇಕಿತ್ತು.

ಒಂದೇ ಖೋಲಿಯ ಮನೆ, ಒಲೆಯ ಪಕ್ಕದಲ್ಲೇ ಪ್ರಿಂಟರ್. ಜೋಳದ ಹಿಟ್ಟು ನಾದಲು ನೀರು ಕುದಿಸಿದಾಗಲೆಲ್ಲ ಉಗಿಯೆಲ್ಲ ಅದರ ಮೇಲೇ. ತನ್ನ ಉರುಳೆಯನ್ನು ರುದ್ರವ್ವ ಯಾವಾಗಲೂ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ನಜ್ಮಾಳದನ್ನು ಮರೆತಳು. ತೇವ ಕುಡಿದ ದಾರದ ಹಿಡಿಕೆ ಕಣ್ಣಿಗೆ ಚೆಂದವೇ ಕಂಡಿತು, ಆದರೆ ಪದರಗಳು ಕೂಡಿರಲಿಲ್ಲ. ಠಾಣೆಯ ಅಜ್ಜಿಯೊಬ್ಬಳ ಕೈಯಲ್ಲಿ ಅದು ಮುರಿದು, ಅಜ್ಜಿ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡಳು. ಖಾತೆಯಲ್ಲಿ ಕೆಂಪಗೆ ನಜ್ಮಾಳ ಹೆಸರು.

ಆ ವಾರ ವಿಲೆ ಪಾರ್ಲೆಯಲ್ಲಿ ಸಭೆ. ಜಾಲ ನಡೆಸುವ ಮನೀಶ್ ಎಂಬವನು ನಜ್ಮಾಳನ್ನು ತೆಗೆದುಹಾಕಿದ್ದೇವೆ ಎಂದ. ರುದ್ರವ್ವ ಎದ್ದು ನಿಂತು ತನ್ನ ಹರಕು ಹಿಂದಿಯಲ್ಲಿ, "ವೋ ಮೈನೇ ಬನಾಯಾ," ಅದನ್ನು ಮಾಡಿದವಳು ನಾನು, ಎಂದಳು.

ಅವನು ನಕ್ಕ. ಖಾತೆಯಲ್ಲಿ ನಿಮ್ಮ ಹೆಸರಿಲ್ಲ ಮೌಸಿ, ಸುಮ್ಮನೆ ಕೂತುಕೊಳ್ಳಿ. ಪಾಸ್‌ವರ್ಡ್ ಹಂಚಿಕೊಂಡದ್ದು ದಾಖಲಾದರೆ ನೀವೂ ಹೋಗುತ್ತೀರಿ ಎಂದ.

ರುದ್ರವ್ವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮಾಡಿದವಳು ಎದುರಿಗೇ ನಿಂತು ಹೇಳಿದರೂ ಒಪ್ಪದ ಈ ಖಾತೆ ಎಂಥ ಸತ್ಯಹರಿಶ್ಚಂದ್ರ? ಹಿಂದಿರುಗಿ ನೋಡಿದಳು. ಚಾಳಿನ ಹೆಂಗಸರೆಲ್ಲ ಅಲ್ಲೇ ಕೂತಿದ್ದರು, ಒಬ್ಬರ ಹೆಸರಿನಲ್ಲಿ ಒಬ್ಬರು ಮಾಡಿದವರೇ ಎಲ್ಲ. ಶುಭಾಂಗಿಯ ತಂಗಿಯ ಮದುವೆಯಲ್ಲಿ ಅವಳ ಕೆಲಸ ಮಾಡಿಕೊಟ್ಟವಳು ಇದೇ ನಜ್ಮಾ. ಶುಭಾಂಗಿ ಮೊಬೈಲ್ ತಿಕ್ಕುತ್ತಿದ್ದಳು. ಉಳಿದವರು ಚೀಲ ಎತ್ತಿಕೊಂಡು ಹೊರಡುವ ತಯಾರಿಯಲ್ಲಿದ್ದರು.

"ಬರ್ಕೋ ನನ್ನ ಹೆಸರು," ಎಂದಳು ರುದ್ರವ್ವ, ಈ ಸಲ ಕನ್ನಡದಲ್ಲೇ. ಅವನು ಬರೆದುಕೊಂಡ. ನಜ್ಮಾಳ ಹೆಸರು ಮರಳಲಿಲ್ಲ, ರುದ್ರವ್ವನ ಹೆಸರೂ ಜಾಲದಿಂದ ಹೋಯಿತು.

"ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಆಮ್ಯಾಲ ಬರ್ತದೇನು," ಎಂದು ರಾತ್ರಿ ಮನೆಯಲ್ಲಿ ಬಸವಂತಪ್ಪ ಉಣ್ಣುತ್ತಲೇ ಗೊಣಗಿದ. ರುದ್ರವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ಯ ಹೇಳಿದ್ದೇನೆ, ನಜ್ಮಾ ಬಂದು ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದಳು.

ನಜ್ಮಾ ಊರಿನಿಂದ ಬಂದಳು. ಎಲ್ಲ ಕೇಳಿ ಹೊಸ್ತಿಲಲ್ಲೇ ನಿಂತಳು.

"ನನ್ನ ಹೆಸರು ಹೋಗಿತ್ತು, ಹೋಗ್ಲಿ. ನಿಮ್ಮದು ಇತ್ತಲ್ಲಕ್ಕಾ? ಅದೊಂದು ಹೆಸರಿನ್ಯಾಗ ಇಬ್ರೂ ಮಾಡ್ತಿದ್ವಿ. ಎರಡೂ ಮನಿ ನಡೀತಿದ್ವು."

"ನಿನ್ನ ಮ್ಯಾಲ ಸುಳ್ಳ ಅಪವಾದ ಬಂದಿತ್ತವ್ವಾ. ನಾ ಹ್ಯಾಂಗ ಸುಮ್ಮನಿರ್ಲಿ?"

"ಅಪವಾದ ನನ್ನ ಮ್ಯಾಲ ಇತ್ತು. ಒಂದು ಫೋನ್ ಮಾಡಿ ನನ್ನ ಕೇಳಿದ್ರೇನು ನೀವು?"

ಕೇಳಿರಲಿಲ್ಲ. ಆ ಸಭೆಯಲ್ಲಿ ನಜ್ಮಾಳ ಒಲೆಯ ನೆನಪೇ ಬಂದಿರಲಿಲ್ಲ. ಬಂದದ್ದು ತನ್ನ ಹೆಸರೊಂದೇ. ಊರಿಗೆಲ್ಲ ಎದುರುತ್ತರ ಕೊಡುತ್ತಿದ್ದ ರುದ್ರವ್ವನಿಗೆ ಅಂದು ಸಿಟ್ಟು ಬೆಟ್ಟದಷ್ಟಿತ್ತು, ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ನಜ್ಮಾ ತನ್ನ ಪ್ರಿಂಟರಿನ ಮೇಲೆ ಹಳೆಯ ಚಾದರ ಹೊದಿಸಿ ಬಾಗಿಲು ಹಾಕಿಕೊಂಡಳು.